ಒಂದು ಮೀಟರ್ ಹತ್ತು ಸೆಂಟಿಮೀಟರ್

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಉದಯನನ್ನು ಕಂಡ ಕೂಡಲೇ ನಾಗಶ್ರೀಗೆ ಅನ್ನಿಸಿದ್ದು ಒಂದೇ, ಇವನ ಕೆನ್ನೆಗೆ ಎರಡು ಬಾರಿಸಬೇಕು. ಸಂತೆಯ ದಿನ. ಸುತ್ತ ನೂರಾರು ಜನ, ಅವರಲ್ಲಿ ಅರ್ಧಕ್ಕರ್ಧ ಅವಳಪ್ಪನ ಪರಿಚಯದವರು. ಕೈಯಲ್ಲಿ ಬೇರೆ ಕೊತ್ತಂಬರಿ ಸೊಪ್ಪಿನ ಕಟ್ಟು. ಹಾಗಾಗಿ ಉದಯ ಬಚಾವಾದ.

ಅವನು ಸೊರಬದ ಬಸ್ಸಿನಿಂದ ಇಳಿಯುತ್ತಿದ್ದ. ಬಲಗೈಯಲ್ಲಿ ಹಳದಿ ಪೆಟ್ಟಿಗೆ, ಬೆನ್ನಿಗೆ ಬ್ಯಾಗು, ಹೆಗಲಿಗೆ ವೈರಿನ ಸುರುಳಿ, ಕಂಕುಳಲ್ಲಿ ಉದ್ದ ಹಿಡಿಯ ಸುತ್ತಿಗೆ. ಹಿಂದಿನಿಂದ ಕಂಡಕ್ಟರು ಒಂದು ಕಬ್ಬಿಣದ ಪ್ಲೇಟನ್ನು ದಡ್ಡನೆ ನೆಲಕ್ಕೆ ಬಿಟ್ಟು, "ಇನ್ನೊಂದ್ಸಲ ಇದನ್ನೆಲ್ಲ ತಂದ್ರೆ ನಿಮ್ಮನ್ನೂ ಟಾಪ್ ಮೇಲೆ ಹಾಕ್ತೀನಿ ನೋಡ್ರೀ" ಎಂದ. ಉದಯ ಅವನಿಗೆ ಕೈಮುಗಿದು ಇತ್ತ ತಿರುಗಿದ. ನಾಗಶ್ರೀಯನ್ನು ಕಂಡು ಅಲ್ಲೇ ನಿಂತ.

ಹದಿನೇಳು ತಿಂಗಳಲ್ಲಿ ಸ್ವಲ್ಪ ಇಳಿದುಹೋಗಿದ್ದ. ಕಣ್ಣಿನ ರೆಪ್ಪೆ ಮಾತ್ರ ಅಷ್ಟೇ ಉದ್ದ. ಅದನ್ನು ತಾನು ಗಮನಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನಿಮ್ಮನೆಗೇ ಹೊರಟಿದ್ದೆ," ಎಂದ.

"ನಮ್ಮನೆಗಾ? ಯಾಕ್ರೀ? ಇನ್ನೇನಾದ್ರೂ ಹಾಳು ಮಾಡೋದು ಬಾಕಿ ಉಳಿದಿದೆಯಾ?"

"ರೀ ಅಂತ ಯಾಕೆ ಕರೀತೀಯಾ ಮಾರಾಯ್ತಿ..."

"ಗುರ್ತು ಪರಿಚಯ ಇಲ್ದೋರನ್ನ ನಾವು ಹಂಗೇ ಕರೆಯೋದು."

ಉದಯ ತಲೆ ತಗ್ಗಿಸಿದ. ಪ್ಲೇಟನ್ನು ಕಾಲಿನಿಂದ ಸ್ವಲ್ಪ ಆಚೆ ಸರಿಸಿದ. "ಆ ಎರಡು ಲೈನ್ ಯಾಕೆ ತಪ್ಪು ಅಂತ ತೋರಿಸ್ತೀನಿ. ಬಾಯಲ್ಲಿ ಹೇಳಿದ್ರೆ ನೀನು ನಂಬಲ್ಲ. ನಿಮ್ಮ ಹೊಲದಲ್ಲಿ ಒಂದು ಗಂಟೆ ಕೊಡು. ಆಮೇಲೆ ಬೈಯಿ, ಹೊಡಿ, ಏನು ಬೇಕಾದ್ರೂ ಮಾಡು."

ಅವಳ ಸಿಟ್ಟಿಗೆ ಕಾರಣ ಇತ್ತು. ಕೇಳಿ, ನೀವೇ ನ್ಯಾಯ ಹೇಳಿ.

ತಾಳಗುಂದದ ಈ ಹುಡುಗಿ ಕರಾವಳಿಯ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ದ್ವೀಪಗಳ ಕೆಳಗಿನ ಕಲ್ಲಿನ ಪದರಗಳು. ಅಗೆಯದೆ, ಕೊರೆಯದೆ, ನೆಲದೊಳಗೆ ಏನಿದೆ ಎಂದು ತಿಳಿಯುವ ಕೆಲಸ. ನೆಲದ ಮೇಲೆ ಪ್ಲೇಟಿಟ್ಟು ಸುತ್ತಿಗೆಯಿಂದ ಹೊಡೆದರೆ ಕಂಪನದ ಅಲೆ ಹೊರಡುತ್ತದೆ. ಲೈನ್ ಎನ್ನುವ ಸಾಲಿನಲ್ಲಿ ಚುಚ್ಚಿಟ್ಟ ಜಿಯೋಫೋನುಗಳು ಅಲೆ ಬಂದು ಮುಟ್ಟಿದ್ದನ್ನು ಗ್ರಹಿಸುತ್ತವೆ, ಹಳದಿ ಪೆಟ್ಟಿಗೆ ಆ ಹೊತ್ತನ್ನು ಬರೆದುಕೊಳ್ಳುತ್ತದೆ. ಮರಳಿನಲ್ಲಿ ಅಲೆ ನಿಧಾನ, ಕಲ್ಲಿನಲ್ಲಿ ಜೋರು. ದೂರದ ಜಿಯೋಫೋನಿಗೆ, ಮರಳಿನಲ್ಲೇ ನೇರ ಬಂದ ಅಲೆಗಿಂತ ಕೆಳಗಿಳಿದು ಕಲ್ಲು ಹಿಡಿದು ಓಡಿ ಮೇಲೆ ಬಂದ ಅಲೆಯೇ ಮೊದಲು ತಲುಪುತ್ತದೆ. ತಾಳಗುಂದದಿಂದ ಶಿಕಾರಿಪುರಕ್ಕೆ ಬದುವಿನ ಮೇಲೆ ನಡೆದವನಿಗಿಂತ, ಶಿರಾಳಕೊಪ್ಪಕ್ಕೆ ಬಂದು ಬಸ್ ಹತ್ತಿದವನು ಮೊದಲು ತಲುಪುವ ಹಾಗೆ. ಆ ಹೊತ್ತುಗಳನ್ನು ಇಟ್ಟುಕೊಂಡು ಕಲ್ಲು ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕಬಹುದು.

ಲಕ್ಷದ್ವೀಪದ ಕಡೆಯ ಒಂದು ಪುಟ್ಟ ದ್ವೀಪಕ್ಕೆ ಮೂರು ವಾರದ ಕೆಲಸಕ್ಕೆ ಹೋದಾಗ ಸುತ್ತಿಗೆ ಹೊಡೆಯಲು ಜೊತೆಗೆ ಬಂದವನು ಉದಯ. ಸೊರಬದ ಹತ್ತಿರದ ಹಳ್ಳಿಯವನು, ಎಂಎಸ್ಸಿ ಮುಗಿಸಿ ಅದೇ ಪ್ರಾಜೆಕ್ಟಿನಲ್ಲಿ ಸಹಾಯಕನಾಗಿದ್ದ. ಪಕ್ಕದ ತಾಲ್ಲೂಕಿನವರು ಸಮುದ್ರದ ನಡುವೆ ಸಿಕ್ಕರೆ ಕೇಳಬೇಕೆ? ಎರಡನೇ ದಿನಕ್ಕೆ ನೀನು ಎಂದು ಕರೆಯುವಷ್ಟು ಸಲುಗೆ ಬೆಳೆಯಿತು.

ಅವಳು ಲ್ಯಾಪ್‌ಟಾಪಿನ ಮುಂದೆ ಕೂರುವಳು. ಅವನು ಸುತ್ತಿಗೆ ಎತ್ತಿ ನಿಲ್ಲುವನು. ಅವಳು ತಲೆಯಾಡಿಸಿದ ಮೇಲೆಯೇ ಪೆಟ್ಟು ಬೀಳಬೇಕು. ಅವಳು ಬೇಕೆಂದೇ ತಡಮಾಡುತ್ತಿದ್ದಳು. ಎಂಟು ಕಿಲೋ ಭಾರ ಎತ್ತಿಕೊಂಡು ಅವನು ಅವಳನ್ನೇ ನೋಡುತ್ತಾ ಕಾಯುವನು. ಒಂದು ಹುಬ್ಬು ಮೇಲೇರುವುದು. ತುಟಿಯ ಅಂಚಿನಲ್ಲಿ ನಗು ಬಂದು ಅಲ್ಲೇ ಸಿಕ್ಕಿಕೊಳ್ಳುವುದು. ಆಗ ಅವಳು ದೊಡ್ಡ ಉಪಕಾರ ಮಾಡಿದವಳಂತೆ ತಲೆಯಾಡಿಸುವಳು. ದಿನಕ್ಕೆ ನೂರು ಪೆಟ್ಟು, ನೂರು ಸಲವೂ ಇದೇ ಆಟ.

ಹೊರಡುವ ದಿನ ಜೆಟ್ಟಿಯ ಮೇಲೆ ಅವನು, "ನಿನ್ಹತ್ರ ಒಂದು ಮಾತು ಹೇಳೋದಿದೆ. ಊರಿಗೆ ಹೋದ್ಮೇಲೆ ಹೇಳ್ತೀನಿ" ಎಂದಿದ್ದ. ಯಾವ ಮಾತು ಎಂದು ಅವಳಿಗೆ ಗೊತ್ತಿತ್ತು. ಉತ್ತರವೂ ಸಿದ್ಧವಿತ್ತು. ಊರಿಗೆ ಹೋದವನು ಅಲ್ಲಿಗೇ ನಾಪತ್ತೆ. ಪ್ರಾಜೆಕ್ಟ್ ಬಿಟ್ಟ. ಕಾಲ್ ಎತ್ತಲಿಲ್ಲ. ಮೆಸೇಜಿಗೆ ನೀಲಿ ಗುರುತು ಬೀಳುತ್ತಿತ್ತು, ಉತ್ತರ ಮಾತ್ರ ಇಲ್ಲ. ಆರು ತಿಂಗಳು ಅತ್ತಳು, ಆಮೇಲೆ ಅಳುವುದನ್ನು ಬಿಟ್ಟು ಸಿಟ್ಟು ಮಾಡಿಕೊಳ್ಳುವುದನ್ನು ಕಲಿತಳು.

ಕೆಲಸ ಮಾತ್ರ ಕೈಬಿಡಲಿಲ್ಲ. ದ್ವೀಪದ ನಡುಭಾಗದಲ್ಲಿ ಹೊಡೆದಿದ್ದ ಮೂರನೇ ಮತ್ತು ನಾಲ್ಕನೇ ಲೈನಿನಲ್ಲಿ ಒಂದು ವಿಶೇಷ ಕಂಡಿತು. ಅಲ್ಲಿ ಮರಳಿನ ಕೆಳಗಿನ ಗಟ್ಟಿ ಹವಳದ ಕಲ್ಲು ಸುತ್ತಲಿಗಿಂತ ಒಂದು ಮೀಟರ್ ಹತ್ತು ಸೆಂಟಿಮೀಟರ್ ಕೆಳಗಿತ್ತು. ಬೋಗುಣಿಯಂತೆ ಒಂದು ತಗ್ಗು. ಆ ತಗ್ಗಿನಲ್ಲಿ ಮಳೆಯ ಸಿಹಿನೀರು ನಿಲ್ಲಬಹುದು, ಬಾವಿ ತೆಗೆಯುವುದಾದರೆ ಅಲ್ಲೇ ತೆಗೆಯಿರಿ ಎಂದು ಅವಳು ಬರೆದಳು. ಇಡೀ ಪ್ರಬಂಧ ನಿಂತಿದ್ದೇ ಆ ತಗ್ಗಿನ ಮೇಲೆ. ಎರಡು ಕಡೆ ಭಾಷಣ ಮಾಡಿ ಚಪ್ಪಾಳೆ ತೆಗೆದುಕೊಂಡಿದ್ದಳು. ಸಲ್ಲಿಸಲು ಹನ್ನೆರಡು ದಿನ ಇತ್ತು.

ಆಗ ಬಂತು ಉದಯನ ಮೇಲ್. ಅವಳಿಗಲ್ಲ, ಅವಳ ಗೈಡ್ ಶ್ರೀಲತಾ ಮೇಡಂಗೆ. "ದಯವಿಟ್ಟು ಮೂರು ಮತ್ತು ನಾಲ್ಕನೇ ಲೈನ್ ಬಳಸಬೇಡಿ. ಅವು ತಪ್ಪು. ತಪ್ಪು ನನ್ನದು." ಇಷ್ಟೇ. ಮೇಡಂ ಎಲ್ಲವನ್ನೂ ನಿಲ್ಲಿಸಿ, "ಇದೇನಂತ ತಿಳ್ಕೊಂಡು ಬಾ" ಎಂದು ಊರಿಗೆ ಕಳಿಸಿದರು.

ಹದಿನೇಳು ತಿಂಗಳು ಬಾಯಿ ಬಿಡದವನು ಬಾಯಿ ಬಿಟ್ಟಿದ್ದು ಇದಕ್ಕೆ. ಹೇಳಿ, ಯಾರಿಗೆ ಉರಿಯುವುದಿಲ್ಲ?

"ಹತ್ತಿ," ಎಂದು ಸ್ಕೂಟಿಯ ಕಡೆ ಕೈ ತೋರಿಸಿದಳು. ಪ್ಲೇಟ್ ಮುಂದೆ ಕಾಲಿನ ಹತ್ತಿರ, ಪೆಟ್ಟಿಗೆ ಅವನ ತೊಡೆಯ ಮೇಲೆ, ಸುತ್ತಿಗೆ ಇಬ್ಬರ ನಡುವೆ.

"ಎಲ್ಲಿ ಹಿಡ್ಕೊಳ್ಳಲಿ?"

"ಹಿಂದೆ ಕಂಬಿ ಐತೆ. ಅದನ್ನ ಹಿಡ್ಕೊಳ್ರಿ. ನನ್ನ ಮುಟ್ಟಿದ್ರೆ ಕಾಲುವೆಗೆ ಬಿಸಾಕ್ತೀನಿ."

ತಾಳಗುಂದದ ದಾರಿಯಲ್ಲಿ ಹೊಂಡ ಒಂದೆರಡಲ್ಲ. ಅವಳು ಒಂದನ್ನೂ ತಪ್ಪಿಸಲಿಲ್ಲ. ಪ್ರತಿ ಹೊಂಡಕ್ಕೂ ಹಿಂದಿನಿಂದ "ಅಯ್ಯೋ" ಎಂದು ಕೇಳಿಸುತ್ತಿತ್ತು. ಅವಳಿಗೆ ಅದು ಹಿತವಾಗಿತ್ತು. ಕನ್ನಡಿಯಲ್ಲಿ ನೋಡಿದರೆ ಅವನ ಕಣ್ಣು ಕನ್ನಡಿಯಲ್ಲೇ ಇತ್ತು. ಅವಳು ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿದಳು.

ಮನೆಯಲ್ಲಿ ಅವ್ವ ಬಸಕ್ಕ ಒಬ್ಬಳೇ ಇದ್ದಳು. ಸುತ್ತಿಗೆ ಹೊತ್ತು ಬಂದ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೀರು ಬೆಲ್ಲ ಕೊಟ್ಟಳು. "ಯಾರಪಾ ನೀನು?"

"ಇವ್ರಾ? ನನ್ನ ಪ್ರಬಂಧ ಮುಳುಗಿಸಿದೋರು," ಎಂದಳು ಮಗಳು.

"ಹಂಗಾರೆ ಮಜ್ಜಿಗಿ ಕೊಡ್ತೀನಿ ಇರು, ಬಿಸಿಲಾಗೆ ಬಂದಿದೀಯ," ಎಂದಳು ಅವ್ವ. ಮಗಳ ಸಿಟ್ಟನ್ನು ಎಷ್ಟು ಲೆಕ್ಕಕ್ಕೆ ಇಡಬೇಕು ಎಂದು ಬಸಕ್ಕನಿಗೆ ಇಪ್ಪತ್ತೆಂಟು ವರ್ಷದಿಂದ ಗೊತ್ತು.

ಮನೆಯ ಹಿಂದಿನ ಹೊಲದಲ್ಲಿ ಮೆಕ್ಕೆಜೋಳ ಕೊಯ್ದು ಕೂಳೆ ಉಳಿದಿತ್ತು. ಮಾರ್ಚ್ ತಿಂಗಳ ಗಟ್ಟಿ ನೆಲ. ಉದಯ ಹನ್ನೆರಡು ಜಿಯೋಫೋನುಗಳನ್ನು ಎರಡೆರಡು ಮೀಟರಿಗೆ ಒಂದರಂತೆ ಚುಚ್ಚಿದ. ಅವಳು ಹೊಂಗೆ ಮರದಡಿ ಲ್ಯಾಪ್‌ಟಾಪ್ ತೆರೆದು ಕೂತಳು. ಸೊರಬದಲ್ಲಿ ಈಗ ರೈತರಿಗೆ ಬೋರ್‌ವೆಲ್ ಪಾಯಿಂಟ್ ನೋಡಿಕೊಡುತ್ತಿದ್ದೇನೆ, ಈ ಪೆಟ್ಟಿಗೆ ಶಿವಮೊಗ್ಗದ ಸ್ನೇಹಿತನದು, ನಾಳೆ ವಾಪಸ್ ಕೊಡಬೇಕು ಎಂದು ಅವನೇ ಹೇಳಿಕೊಂಡ. ಅವಳು ಕೇಳಿರಲಿಲ್ಲ.

ಸುತ್ತಿಗೆ ಎತ್ತಿ ನಿಂತು ಅವಳ ಕಡೆ ನೋಡಿದ.

"ನನ್ನ ಮುಖ ಏನ್ ನೋಡ್ತೀರ? ಹೊಡೀರಿ!"

ಐದು ಪೆಟ್ಟು ಬಿತ್ತು. ಪರದೆಯ ಮೇಲೆ ಹನ್ನೆರಡು ಗೆರೆಗಳು ನೆಟ್ಟಗೆ ಬಂದವು. ಎಲ್ಲ ಸರಿಯಾಗಿತ್ತು. "ತೋರಿಸ್ತೀನಿ ಅಂದಿದ್ದು ಇದನ್ನಾ?" ಎಂದಳು.

ಉದಯ ತನ್ನ ಬ್ಯಾಗಿನಿಂದ ಒಂದು ಹಳೆಯ ಗೋಣಿಚೀಲ ತೆಗೆದ. ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿದ. ಅದರ ಮೇಲೆ ಪ್ಲೇಟ್ ಇಟ್ಟ. ಮತ್ತೆ ಐದು ಪೆಟ್ಟು ಹೊಡೆದ. ಸದ್ದು ಈ ಸಲ ಮೆತ್ತಗಿತ್ತು.

ನಾಗಶ್ರೀ ಪರದೆ ನೋಡಿದಳು. ಹನ್ನೆರಡು ಗೆರೆಗಳೂ ಒಂದೇ ಅಳತೆಯಲ್ಲಿ ತಡವಾಗಿದ್ದವು. ಸುತ್ತಿಗೆ ಪ್ಲೇಟಿಗೆ ತಗುಲಿದ ಕ್ಷಣದಿಂದ ಗಡಿಯಾರ ಶುರು. ಆದರೆ ಚೀಲ ಅದುಮಿಕೊಂಡ ಮೇಲೆಯೇ ಅಲೆ ನೆಲಕ್ಕೆ ಇಳಿಯುವುದು. ನಡುವೆ ಕಳೆದುಹೋದದ್ದು ಆರೂವರೆ ಮಿಲಿಸೆಕೆಂಡ್. ಅಲೆಯ ವೇಗಕ್ಕೆ ಏನೂ ಆಗಿಲ್ಲ. ಆದರೆ ದ್ವೀಪದ ಮರಳಿನ ಲೆಕ್ಕದಲ್ಲಿ ಆ ಆರೂವರೆ ಮಿಲಿಸೆಕೆಂಡನ್ನು ಆಳಕ್ಕೆ ತಿರುಗಿಸಿದರೆ ಎಷ್ಟಾಗುತ್ತದೆ?

ಅವಳಿಗೆ ಕಾಗದ ಬೇಕಾಗಲಿಲ್ಲ. ಒಂದು ಮೀಟರ್ ಹತ್ತು ಸೆಂಟಿಮೀಟರ್.

ಬೆಟ್ಟ ಅಗೆದು ಇಲಿ ಹಿಡಿದವರ ಮಾತು ಕೇಳಿದ್ದಳು. ತಾನು ದ್ವೀಪ ಅಳೆದು ಹಿಡಿದದ್ದು ಒಂದು ಗೋಣಿಚೀಲ. ಚಪ್ಪಾಳೆ ಬಿದ್ದದ್ದು ಗೋಣಿಚೀಲಕ್ಕೆ. ದ್ವೀಪದ ಜನ ಬಾವಿ ತೋಡಲು ಹೊರಟಿದ್ದೂ ಗೋಣಿಚೀಲದ ಮಾತು ನಂಬಿ.

"ಅಲ್ಲಿ ಚೀಲ ಹಾಕಿದ್ರಾ?" ಎಂದಳು.

"ಆ ಎರಡು ಲೈನಿಗೆ. ಒಂದೇ ದಿನ ಹೊಡೆದಿದ್ದು ಅವೆರಡೂ."

"ಯಾಕೆ?"

ಉದಯ ಸುತ್ತಿಗೆಯನ್ನು ಕೆಳಗಿಟ್ಟ. "ಅವತ್ತು ಭೂಮಿ ಹುಣ್ಣಿಮೆ."

ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ನಿಂತಳು. ಭೂಮಿ ಹುಣ್ಣಿಮೆ ಈ ಕಡೆಯವರಿಗೆ ಹೇಳಿಕೊಡಬೇಕಾದ ಹಬ್ಬವೇ? ತೆನೆ ಕಟ್ಟುವ ಹೊತ್ತಿನಲ್ಲಿ ಭೂಮಿತಾಯಿ ತುಂಬು ಬಸುರಿ. ಅವಳ ಬಯಕೆ ತೀರಿಸಲು ಚಿತ್ತಾರದ ಬುಟ್ಟಿಯಲ್ಲಿ ಎಡೆ ಹೊತ್ತು ಹೊಲಕ್ಕೆ ಹೋಗಿ, ಆ ಅನ್ನವನ್ನು ಪೈರಿನ ಮೇಲೆ ಎರಚಿ ಚರಗ ಚೆಲ್ಲುತ್ತಾರೆ. ಅಂದು ಯಾರೂ ನೇಗಿಲು ಹೂಡುವುದಿಲ್ಲ. ಬಸುರಿಗೆ ನೋವು ಮಾಡುವುದುಂಟೇ ಎನ್ನುತ್ತಾರೆ.

"ಎಂಎಸ್ಸಿ ಓದಿದೀಯಲ್ಲೋ!" ಹೊಲದ ಆಚೆಯ ಬದುವಿನವರೆಗೆ ಕೇಳಿಸುವಂತೆ ಕೂಗಿದಳು. "ಅಲೆ ಅಂದ್ರೆ ಏನು, ವೇಗ ಅಂದ್ರೆ ಏನು ಅಂತ ಎರಡು ವರ್ಷ ಓದಿದೀಯ! ಹುಣ್ಣಿಮೆ ಅಂತ ನೆಲಕ್ಕೆ ಹಾಸಿಗೆ ಹಾಸಿದ್ಯಾ? ನನ್ನ ನಾಲ್ಕು ವರ್ಷದ ಕೆಲಸದ ಕೆಳಗೆ ಗೋಣಿಚೀಲ ಇಟ್ಟು ಸುಮ್ನೆ ಕೂತಿದ್ಯಾ?"

"ನಂಬಿಕೆ ಅಂತ ಅಲ್ಲ ನಾಗಶ್ರೀ. ಕೈ ಏಳ್ಲಿಲ್ಲ." ಅವನು ನೆಲ ನೋಡುತ್ತಿದ್ದ. "ನಮ್ಮಕ್ಕ ರಮ್ಯಂಗೆ ಆಗ ಏಳು ತಿಂಗ್ಳು. ಮುಂಚೆ ಎರಡು ಕೂಸು ನಿಲ್ದೆ ಹೋಗಿದ್ವು. ಹಿಂದಿನ ಸಂಜೆ ಅಮ್ಮ ಫೋನ್ ಮಾಡಿ, ನಾಳೆ ಒಂದಿನ ನೆಲಕ್ಕೆ ಪೆಟ್ಟು ಹಾಕ್ಬೇಡ ಮಗಾ, ಅಕ್ಕನ್ನ ನೆನೆಸ್ಕೋ ಅಂದ್ಳು. ನಿನ್ಹತ್ರ ರಜೆ ಕೇಳೋಣ ಅಂದ್ರೆ, ಕಾರಣ ಏನಂತ ಹೇಳೋದು? ನಗ್ತೀಯ ಅಂತ ನಾಚಿಕೆ. ಚೀಲ ಹಾಕಿದ್ರೆ ಪೆಟ್ಟು ಸ್ವಲ್ಪ ಮೆತ್ತಗಾಗತ್ತೆ ಅಷ್ಟೇ ಅಂದ್ಕೊಂಡೆ. ಹೊತ್ತೂ ತಿನ್ನತ್ತೆ ಅಂತ ಹೊಳೆದಿದ್ದು ಊರಿಗೆ ಬಂದ್ಮೇಲೆ."

"ಹೊಳೆದ ದಿನವೇ ಹೇಳ್ಬೇಕಿತ್ತು!"

"ಹೌದು."

"ಹದಿನೇಳು ತಿಂಗಳು!"

"ಹೇಳೋಣ ಅಂತ ದಿನಾ ಫೋನ್ ಕೈಗೆತ್ಕೊತಿದ್ದೆ. ಇದನ್ನ ಮುಚ್ಚಿಟ್ಕೊಂಡು ಆ ಇನ್ನೊಂದು ಮಾತು ಹೇಳೋಕೆ ಮನಸ್ಸು ಬರ್ಲಿಲ್ಲ. ಇದನ್ನ ಹೇಳಿದ್ರೆ ಆ ಮಾತು ಕೇಳೋಕೆ ನೀನು ಇರ್ತಿರ್ಲಿಲ್ಲ. ಹೇಡಿತನ, ಇನ್ನೇನು. ಮೊನ್ನೆ ಅಲ್ಲಿ ಬಾವಿ ತೋಡ್ತಾರಂತೆ ಅಂತ ಕೇಳಿದ್ಮೇಲೆ ತಡ್ಕೊಳ್ಳಕ್ಕಾಗ್ಲಿಲ್ಲ."

"ಆವಾಗಾದ್ರೂ ನಂಗೆ ಮೊದ್ಲು ಹೇಳ್ಬಾರ್ದಿತ್ತಾ? ಮೇಡಂ ಬಾಯಿಂದ ಕೇಳ್ಬೇಕಿತ್ತಾ ನಾನು?"

ಅವನ ಕಣ್ಣು ತುಂಬಿತ್ತು. ಅವಳದ್ದೂ ತುಂಬಿತ್ತು, ಅದಕ್ಕಾಗಿ ಅವಳು ಅವನನ್ನು ಇನ್ನಷ್ಟು ದ್ವೇಷಿಸಿದಳು.

ಕೂಗಾಟ ಕೇಳಿ ಮಜ್ಜಿಗೆ ಚೊಂಬಿನೊಂದಿಗೆ ಬಂದ ಬಸಕ್ಕ ಅರ್ಧ ಕಥೆ ಕೇಳಿಸಿಕೊಂಡಿದ್ದಳು. ನ್ಯಾಯ ತನ್ನ ಕಡೆಗೇ ಬರುತ್ತದೆ ಎಂದು ನಾಗಶ್ರೀ ನಂಬಿದ್ದಳು.

"ಏನಂದಿ? ಭೂಮಿ ಹುಣ್ಣಿಮಿ ದಿನ ನೆಲಕ್ಕೆ ಸುತ್ಗಿ ಹೊಡಿಸಿದ್ಯೇನೇ ನೀನು?"

"ಅವ್ವಾ! ಅದು ಇಲ್ಲಲ್ಲ, ಸಮುದ್ರದ ನಡುವೆ!"

"ಸಮುದ್ರದ ನಡುವೆ ಇರಾದು ಬ್ಯಾರೆ ಭೂಮ್ತಾಯೇನು? ಈ ಹುಡುಗಂಗಾರ ನೆಪ್ಪಿತ್ತು. ತಾಳಗುಂದದಾಗೆ ಹುಟ್ಟಿ ನಿಂಗೆ ನೆಪ್ಪಿರಲಿಲ್ಲ." ಚೊಂಬನ್ನು ಉದಯನ ಕೈಗಿಟ್ಟಳು. "ಅಕ್ಕನ ಕೂಸು ಹೆಂಗೈತಪಾ?"

"ಚೆನ್ನಾಗಿದಾಳೆ ಅಮ್ಮ. ಓಡಾಡ್ತಾಳೆ ಈಗ."

"ನೋಡ್ದ್ಯಾ," ಎಂದಳು ಬಸಕ್ಕ ಮಗಳಿಗೆ, ಗೋಣಿಚೀಲವೇ ಹೆರಿಗೆ ಮಾಡಿಸಿದ ಹಾಗೆ. "ಅಲ್ಲ, ನೀನು ಅಲ್ಲೇ ಇದ್ದ್ಯಲ್ಲ. ಇಷ್ಟು ದಪ್ಪ ಚೀಲ ನಿನ್ನ ಕಣ್ಣಿಗೆ ಬೀಳಲಿಲ್ಲಾ?"

ನಾಗಶ್ರೀಯ ಮುಖ ಕೆಂಪಾಯಿತು. "ನೀನು ಒಳಗೆ ಹೋಗವ್ವ," ಎಂದಳು.

ಅವ್ವ ಹೋದಳು. ಉದಯ ಚೊಂಬು ಹಿಡಿದು ನಿಂತಿದ್ದ, ಕುಡಿಯುವ ಧೈರ್ಯ ಬಂದಿರಲಿಲ್ಲ. ನಾಗಶ್ರೀ ಪರದೆಯ ಮುಂದೆ ಬಹಳ ಹೊತ್ತು ಕೂತಳು. ದಾರಿ ಎರಡಿದ್ದವು. ಆ ಲೈನ್‌ಗಳನ್ನು ಕಾರಣ ಹೇಳದೆ ಕೈಬಿಟ್ಟರೆ ಮಾನ ಉಳಿಯುತ್ತದೆ, ಆದರೆ ತಗ್ಗು ಇದೆಯೋ ಇಲ್ಲವೋ ಎಂಬ ಅನುಮಾನವೂ ಉಳಿಯುತ್ತದೆ. ನಿಜ ಹೇಳಿದರೆ ತಿದ್ದಬಹುದು, ಆರೂವರೆ ಮಿಲಿಸೆಕೆಂಡ್ ಕಳೆದರೆ ಸಾಕು. ಆಗ ದ್ವೀಪದ ನಡುವೆ ಯಾವ ತಗ್ಗೂ ಇಲ್ಲ. ಅವಳ ಹೆಸರಿಗೆ ಇದ್ದ ಒಂದೇ ದೊಡ್ಡ ಸಂಗತಿ ಸಪಾಟಾಗಿ ಹೋಗುತ್ತದೆ.

ಮೂಗು ಒರೆಸಿಕೊಂಡು ಫೋನ್ ತೆಗೆದಳು. ಸ್ಪೀಕರ್ ಹಾಕಿದಳು. ಅವನೂ ಕೇಳಲಿ ಎಂದೇ.

ಶ್ರೀಲತಾ ಮೇಡಂ ಪೂರ್ತಿ ಕೇಳಿಸಿಕೊಂಡರು. ಗೋಣಿಚೀಲ ಎಂದಾಗ ಒಮ್ಮೆ, "ಏನು?" ಎಂದರು. ಕೊನೆಗೆ ನಿಟ್ಟುಸಿರಿಟ್ಟು, "ದ್ವೀಪದವರಿಗೆ ನಾನು ಇವತ್ತೇ ಬರೀತೀನಿ, ಬಾವಿ ಕೆಲಸ ನಿಲ್ಲಿಸಿ ಅಂತ. ನಿನ್ನ ಅಧ್ಯಾಯ ಹೊಸದಾಗಿ ಬರೀಬೇಕು. ಇನ್ನೂ ಆರು ತಿಂಗಳು ಹೋಗತ್ತೆ. ಉದಯ ಅವತ್ತು ಮಾಡಿದ್ದನ್ನ ಅವನೇ ಬಂದು ಎಲ್ಲರ ಮುಂದೆ ಹೇಳಬೇಕು" ಎಂದರು.

"ಹೇಳ್ತೀನಿ ಮೇಡಂ," ಎಂದ ಉದಯ, ಫೋನಿನ ಹತ್ತಿರ ಬಗ್ಗಿ.

"ಅದು ಸರಿ. ಆದ್ರೆ ನಾಗಶ್ರೀ, ಒಂದು ಹೇಳು. ಅವತ್ತು ಲೈನಿನ ಜವಾಬ್ದಾರಿ ನಿಂದು. ಪ್ರತಿ ಪೆಟ್ಟಿಗ್ಮುಂಚೆ ಪ್ಲೇಟ್ ನೋಡಬೇಕು ಅಂತ ಹೇಳಿಕೊಟ್ಟಿದ್ದೆ. ಇಡೀ ದಿನ ಚೀಲ ಅಲ್ಲೇ ಇತ್ತು. ನೀನು ಎಲ್ಲಿ ನೋಡ್ತಿದ್ದೆ?"

ಉದಯ ತಲೆ ಎತ್ತಿದ. ಅವನಿಗೆ ಆ ಉತ್ತರ ಗೊತ್ತಿರಲಿಲ್ಲ, ಅದು ಅವನ ಮುಖದಲ್ಲೇ ಕಾಣುತ್ತಿತ್ತು. ನಾಗಶ್ರೀ ಸುಳ್ಳು ಹೇಳಬಹುದಿತ್ತು. ಬಿಸಿಲಿತ್ತು, ದೂರವಿತ್ತು, ಪರದೆ ನೋಡುತ್ತಿದ್ದೆ. ಒಂದು ಸುಳ್ಳಿನಿಂದಾಗಿಯೇ ಇಷ್ಟೆಲ್ಲ ಆಗಿರುವಾಗ ಇನ್ನೊಂದಕ್ಕೆ ಅವಳಿಗೆ ಮನಸ್ಸಾಗಲಿಲ್ಲ.

"ಅವನ ಮುಖ ನೋಡ್ತಿದ್ದೆ ಮೇಡಂ," ಎಂದಳು. ಹಲ್ಲು ಕಚ್ಚಿ, ಬೈಗುಳದ ಹಾಗೆ. "ದಿನಕ್ಕೆ ನೂರು ಸಲ ಅವನ ಮುಖಾನೇ ನೋಡ್ತಿದ್ದೆ. ಕಾಲಬುಡದಲ್ಲಿ ಏನಿತ್ತೋ ನಂಗೊತ್ತಿಲ್ಲ. ತಪ್ಪು ನಂದೂ ಇದೆ."

"ಇದನ್ನ ಪ್ರಬಂಧದಲ್ಲಿ ಬರೀಬೇಡ," ಎಂದು ಮೇಡಂ ಫೋನಿಟ್ಟರು. ಇಡುವಾಗ ನಕ್ಕ ಹಾಗೆ ಕೇಳಿಸಿತು.

ಉದಯನ ಕೈಯಲ್ಲಿದ್ದ ಚೊಂಬು ವಾಲಿ ಮಜ್ಜಿಗೆ ಅವನ ಪ್ಯಾಂಟಿನ ಮೇಲೆ ಸುರಿಯುತ್ತಿತ್ತು. ಅವನಿಗೆ ಗೊತ್ತಾಗಲಿಲ್ಲ. "ನಾಗಶ್ರೀ," ಎಂದ. "ಊರಿಗೆ ಹೋದ್ಮೇಲೆ ಹೇಳ್ತೀನಿ ಅಂದಿದ್ನಲ್ಲ..."

"ಹೇಳ್ಬೇಡ. ಈಗ ಹೇಳಿದ್ರೆ ಸುತ್ತಿಗೆ ತಗೊಂಡು ಹೊಡೀತೀನಿ. ನನ್ನ ಸಿಟ್ಟು ಒಂದು ಚೂರೂ ಇಳಿದಿಲ್ಲ."

"ಹೊಡಿ. ನಾನು ನಿನ್ನ ಪ್ರೀತಿಸ್ತೀನಿ."

ಅವಳು ನಿಜವಾಗಿಯೂ ಸುತ್ತಿಗೆಗೆ ಕೈ ಹಾಕಿದಳು. ಎಂಟು ಕಿಲೋ ಎತ್ತಿ ಬೀಸಲು ಆಗಲಿಲ್ಲ. ಅದಕ್ಕೂ ಸಿಟ್ಟು ಬಂದು, ಬರಿಗೈಯಲ್ಲೇ ಅವನ ಎದೆಗೆ ಒಂದು ಗುದ್ದಿದಳು, ಇನ್ನೊಂದು ಗುದ್ದಿದಳು. ಮೂರನೆಯದಕ್ಕೆ ಅವನು ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ನಾಳೆಯಿಂದ ದಿನಾ ಬರ್ಬೇಕು," ಎಂದಳು ಅಳುತ್ತಲೇ. "ಆ ಎರಡು ಲೈನಿನ ಒಂದೊಂದು ಗೆರೆನೂ ಮತ್ತೆ ನೋಡ್ಬೇಕು. ಆಮೇಲೆ ಇಡೀ ಅಧ್ಯಾಯ ಬರೀಬೇಕು. ನೀನು ಪಕ್ಕದಲ್ಲಿ ಕೂತಿರ್ಬೇಕು. ನಾನು ಬೈತಿರ್ತೀನಿ."

"ಎಷ್ಟು ದಿನ?"

"ಸಿಟ್ಟು ಇಳಿಯೋವರ್ಗೂ."

"ಆರು ತಿಂಗಳಿಗೇ ಇಳಿದ್ಬಿಟ್ರೆ?"

"ಇಳಿಯಲ್ಲ," ಎಂದಳು ನಾಗಶ್ರೀ. "ನಿನ್ನಾಣೆ, ಇನ್ನು ನಲವತ್ತು ವರ್ಷ ಇಳಿಯಲ್ಲ."

ಉದಯ ಅದನ್ನು ಮನಸ್ಸಿನಲ್ಲೇ ಎರಡು ಸಲ ಲೆಕ್ಕ ಹಾಕಿದ. ಅರ್ಥವಾದ ಮೇಲೆ ಅಲ್ಲೇ ಕೂಳೆಯ ನಡುವೆ ಕುಸಿದು ಕೂತು, ಚಿಕ್ಕ ಮಕ್ಕಳ ಹಾಗೆ ಅತ್ತ.